ಚಳಿಗಾಲಕ್ಕೆ ಅಡುಗೆಮನೇಲಿ ಏನೇನು ತುಂಬಿಟ್ಕೋಬೇಕು? ಅನುಭವ ಇದ್ದೋರು ಹೇಳಿ

ಕೇಳಿದವರು, ನಿಟುವಳ್ಳಿ, ದಾವಣಗೆರೆ
ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಮನೆ ಸೇರೋದು ರಾತ್ರಿ ಏಳೂವರೆಗೆ. ಚಳಿಗೆ ಬಿಸಿಬಿಸಿಯಾಗಿ ಮನೆ ಊಟಾನೇ ಬೇಕು, ಆದರೆ ಅರ್ಧ ಗಂಟೆಗಿಂತ ಹೆಚ್ಚು ಒಲೆ ಮುಂದೆ ನಿಲ್ಲೋಕಾಗಲ್ಲ. ಜೋಳದ ಹಿಟ್ಟು, ಸಜ್ಜೆ ಹಿಟ್ಟು ಹತ್ತತ್ತು ಕೆಜಿ, ಈರುಳ್ಳಿ ಒಂದು ಚೀಲ, ಬೇಳೆಕಾಳು, ಮೆಣಸಿನಕಾಯಿ ಎಲ್ಲ ಒಂದೇ ಸಲ ತಂದುಬಿಡೋಣ ಅಂತಿದ್ದೀವಿ. ಸರಿ ಹೋಗುತ್ತಾ?

ವಿನೋಬನಗರ, ದಾವಣಗೆರೆ
ತಂಗಿ, ಹಿಟ್ಟು ಮಾತ್ರ ಅಷ್ಟು ತರಬೇಡ. ಕಾಳು ತಂದಿಡು, ವಾರಕ್ಕೆ ಬೇಕಾದಷ್ಟನ್ನ ಗಿರಣೀಲಿ ಹಾಕಿಸ್ಕೊ. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ. ಕಾಳಾಗಿದ್ದಾಗ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತೆ, ಬೀಸಿದ ಮೇಲೆ ಸ್ವಲ್ಪ ದಿನಕ್ಕೇ ಕಮಟು ವಾಸನೆ ಬಂದು ಕಹಿಯಾಗುತ್ತೆ. ಜೋಳದ ಹಿಟ್ಟು ಅಷ್ಟು ಬೇಗ ಕಹಿಯಾಗಲ್ಲ, ಆದರೆ ಹಳೇದಾದಂಗೆ ಜಿಗಿ ಹೋಗಿ, ರೊಟ್ಟಿ ತಟ್ಟುವಾಗ ಅಂಚೆಲ್ಲ ಸೀಳುತ್ತೆ. ಅಗಸೆ, ಹುಚ್ಚೆಳ್ಳಿಗೂ ಇದೇ ಮಾತು. ಕಾಳು ಎಷ್ಟಾದರೂ ಇಟ್ಕೊ, ಚಟ್ನಿಪುಡಿ ಹದಿನೈದು ದಿನಕ್ಕಾಗುವಷ್ಟೇ ಕುಟ್ಟು.

ಕೆಲಸದಿಂದ ಬಂದು ದಿನಾ ರೊಟ್ಟಿ ತಟ್ಟೋದು ಆಗದ ಮಾತು. ಭಾನುವಾರ ಬಿಸಿರೊಟ್ಟಿ ಮಾಡ್ಕೊಳ್ಳಿ, ಉಳಿದ ದಿನಕ್ಕೆ ಖಡಕ್ ರೊಟ್ಟಿ. ನಮ್ಮೂರಲ್ಲಿ ರೊಟ್ಟಿ ಮಾಡಿ ಮಾರೋ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರೆ, ಒಬ್ಬರನ್ನ ಗೊತ್ತು ಮಾಡ್ಕೊ. ಬಿಸಿ ಬೇಳೆಸಾರಿಗೆ ಖಡಕ್ ರೊಟ್ಟಿ ಮುರಿದು ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡು. ಚಳಿಯ ರಾತ್ರಿಗೆ ಅದಕ್ಕಿಂತ ಒಳ್ಳೆ ಊಟ ನನಗೆ ಗೊತ್ತಿಲ್ಲ.

ಇನ್ನು ಹುರುಳಿಕಾಳು. ಚಳಿಗಾಲದ ಮನೇಲಿ ಇದು ಇರಲೇಬೇಕು. ಶನಿವಾರ ರಾತ್ರಿ ನೆನೆಹಾಕಿ, ಭಾನುವಾರ ಬಟ್ಟೇಲಿ ಕಟ್ಟಿಟ್ಟು ಮೊಳಕೆ ಬರಿಸಿ, ಒಂದೇ ಸಲ ಬೇಯಿಸು. ಕಟ್ಟು ಬಸಿದು ಫ್ರಿಜ್‌ನಲ್ಲಿಟ್ಟರೆ ಎರಡು ದಿನದ ಸಾರಿಗೆ ಸಾಕು, ಕಾಳು ಪಲ್ಯಕ್ಕಾಯ್ತು. ಅದಕ್ಕೂ ಪುರುಸೊತ್ತಿಲ್ಲ ಅಂದರೆ ಹುರುಳಿಯನ್ನ ಘಮ್ ಅನ್ನೋವರೆಗೂ ಹುರಿದು, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಸೇರಿಸಿ ಪುಡಿ ಮಾಡಿಟ್ಕೊ. ಎರಡು ಚಮಚ ಪುಡಿ ನೀರಲ್ಲಿ ಕದಡಿ, ಹುಣಸೆಹುಳಿ ಬಿಟ್ಟು ಕುದಿಸಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕಾಲು ಗಂಟೇಲಿ ಸಾರು. ಶೀತ ಆದಾಗ ನಮ್ಮನೇಲಿ ಮಕ್ಕಳು ಇದನ್ನ ಲೋಟದಲ್ಲೇ ಕುಡೀತಾರೆ.

ಮೆಣಸಿನಕಾಯಿ ಈಗ ಹೆಚ್ಚಿಗೆ ಕೊಳ್ಳಬೇಡ. ಹೊಸ ಬ್ಯಾಡಗಿ ಜೋರಾಗಿ ಬರೋದು ಸಂಕ್ರಾಂತಿ ಆಚೆ. ವರ್ಷದ ಖಾರದಪುಡಿ ಆಗ ಕುಟ್ಟಿಸಿದರೆ ಬಣ್ಣ ಚೆನ್ನಾಗಿರುತ್ತೆ. ಅಲ್ಲೀವರೆಗೆ ಆಗುವಷ್ಟು ತಂದರೆ ಸಾಕು.

ಚಳ್ಳಕೆರೆ
1997ರವರೆಗೆ ದಾವಣಗೆರೆನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು, ಹಾಗಾಗಿ ನಮ್ಮ ಕಡೆಯದ್ದೂ ಒಂದೆರಡು ಮಾತು.

ಈರುಳ್ಳಿ ಚೀಲಗಟ್ಟಲೆ ಬೇಡ. ಈಗ ಮಾರುಕಟ್ಟೆಗೆ ಬರ್ತಿರೋದು ಮುಂಗಾರಿನ ಗಡ್ಡೆ. ನಮ್ಮ ಹೊಲದಲ್ಲೂ ಅದೇ ಬೆಳೀತೀವಿ. ಅದರಲ್ಲಿ ನೀರಿನಂಶ ಜಾಸ್ತಿ, ಬೇಗ ಮೊಳಕೆ ಬರುತ್ತೆ, ಕೊಳೆಯುತ್ತೆ. ಬೇಸಿಗೆಯಲ್ಲಿ ಕೀಳೋ ಗಡ್ಡೆ ಮಾತ್ರ ಬಾಳಿಕೆ ಬರೋದು. ಎರಡು ಮೂರು ಕೆಜಿ ತಂದು ಗಾಳಿ ಆಡೋ ಕಡೆ ಹರವಿಡಿ, ಆಲೂಗಡ್ಡೆ ಪಕ್ಕ ಮಾತ್ರ ಬೇಡ.

ಶೇಂಗಾ ತಗೊಳ್ಳೋಕೆ ಇದೇ ಕಾಲ. ಆದರೆ ಕೈಗೆ ಹಾಕ್ಕೊಂಡು ನೋಡಿ ತಗೊಳ್ಳಿ. ಸುಕ್ಕುಗಟ್ಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದಿದ್ದು ಕಂಡರೆ ಆರಿಸಿ ಬಿಸಾಕಿ. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಬರುತ್ತೆ, ಹುರಿದರೂ ಪೂರ್ತಿ ಹೋಗಲ್ಲ. ಮಕ್ಕಳಿರೋ ಮನೇಲಿ ಇದನ್ನ ಸಣ್ಣ ವಿಷಯ ಅಂದ್ಕೋಬೇಡಿ.

ಕೆ.ಟಿ.ಜೆ. ನಗರ, ದಾವಣಗೆರೆ
ದಾವಣಗೆರೇಲಿದ್ದು ಯಾರೂ ಮಂಡಕ್ಕಿ ಹೆಸರೇ ಎತ್ತಲಿಲ್ಲವಲ್ಲ! ಭಟ್ಟಿಯಿಂದ ಬಂದ ಹೊಸ ಮಂಡಕ್ಕಿ ಒಂದು ದೊಡ್ಡ ಡಬ್ಬಿ ತುಂಬ ಇರಲಿ. ನೀರಲ್ಲಿ ಅದ್ದಿ ತಕ್ಷಣ ಹಿಂಡಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ನಿಂಬೆಹಣ್ಣು ಹಿಂಡಿ. ಹತ್ತೇ ನಿಮಿಷ. ಮಂಜಿಗೆ ಮಂಡಕ್ಕಿ ಮೆತ್ತಗಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಆಡಿಸಿ, ಮತ್ತೆ ಗರಿಗರಿ ಆಗುತ್ತೆ. ಟೀ ಜೊತೆಗೆ ನರ್ಗಿಸ್ ಮಂಡಕ್ಕಿ ಮಾಡಿ ಡಬ್ಬೀಲಿಟ್ಟರೆ ಸಂಜೆ ಹಸಿವಿಗೂ ಆಯ್ತು.

ಹೊಸದುರ್ಗ
ವಿನೋಬನಗರದ ಅಕ್ಕ ಹೇಳಿದ್ದರಲ್ಲಿ ಒಂದು ಮಾತು ನಾನು ಒಪ್ಪಲ್ಲ. ವಾರವಾರ ಗಿರಣಿಗೆ ಓಡೋಕೆ ಎಲ್ಲರಿಗೂ ಆಗಲ್ಲ. ಸಜ್ಜೆ ಹಿಟ್ಟನ್ನ ಬಿಗಿಯಾದ ಡಬ್ಬೀಲಿ ಫ್ರೀಜರ್‌ನಲ್ಲಿಟ್ಟರೆ ತಿಂಗಳವರೆಗೂ ಕಹಿಯಾಗಲ್ಲ, ನಾವು ಹಾಗೇ ಮಾಡ್ತೀವಿ. ಬಳಸೋಕೆ ಮುಂಚೆ ಡಬ್ಬಿ ಮುಚ್ಚಳ ತೆಗೀದೆ ಹೊರಗಿಟ್ಟು ಚಳಿ ಬಿಡಿಸಿ, ಇಲ್ಲಾಂದ್ರೆ ಹಿಟ್ಟು ತೇವ ಎಳ್ಕೊಳ್ಳುತ್ತೆ.

ನಮ್ಮ ಕಡೆ ಸಾವೆ ಚೆನ್ನಾಗಿ ಬೆಳೀತಾರೆ. ಎರಡು ಕೆಜಿ ಸಾವಕ್ಕಿ ಇಟ್ಕೊಳ್ಳಿ. ಹೆಸರುಬೇಳೆ, ಮೆಣಸು, ಶುಂಠಿ ಹಾಕಿ ಕುಕ್ಕರ್‌ನಲ್ಲಿ ಕೂಗಿಸಿದರೆ ಪೊಂಗಲ್, ಅಕ್ಕೀಗಿಂತ ಬೇಗ ಬೇಯುತ್ತೆ.

ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಪಟ್ಟಿ ಪೂರಾ ಬದಲಾಯ್ತು. ಅಕ್ಕಾ, ಕಾಳಿಗೆ ಹುಳ ಬೀಳದಂಗೆ ಏನು ಮಾಡ್ತೀರಿ? ಅವರೆಕಾಯಿ ಸೀಸನ್ನಿನಲ್ಲಿ ಕಾಳು ಬಿಡಿಸಿ ಎತ್ತಿಡಬಹುದಾ?

ವಿನೋಬನಗರ
ಹೊಸದುರ್ಗದವರ ಫ್ರೀಜರ್ ಮಾತು ಸರಿ ಇದೆ, ಜಾಗ ಇದ್ದರೆ ಹಾಗೇ ಮಾಡು.

ಕಾಳನ್ನ ಒಳ್ಳೆ ಬಿಸಿಲಲ್ಲಿ ಎರಡು ದಿನ ಒಣಗಿಸು. ಬಿಸಿ ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬು, ಬಿಸಿ ಇದ್ದಾಗ ಮುಚ್ಚಿದರೆ ಒಳಗೆ ಬೆವರುತ್ತೆ. ತೊಗರಿಬೇಳೆಗೆ ಚೂರು ಹರಳೆಣ್ಣೆ ಸವರು, ಉಳಿದವಕ್ಕೆ ಒಣಗಿದ ಬೇವಿನೆಲೆ ಸಾಕು. ಹಸಿ ಎಲೆ ಹಾಕಬೇಡ, ಅದರಲ್ಲೂ ತೇವ ಇರುತ್ತೆ.

ಅವರೆಕಾಯಿ ಡಿಸೆಂಬರ್, ಜನವರೀಲಿ ಸೊಗಡು ತುಂಬಿ ಬರುತ್ತೆ. ಕಾಳು ಬಿಡಿಸಿ, ಕುದಿಯೋ ನೀರಲ್ಲಿ ಎರಡು ನಿಮಿಷ ಹಾಕಿ, ತಣ್ಣೀರಿಗೆ ತೆಗೆದು, ನೀರಾರಿಸಿ ಫ್ರೀಜರ್‌ಗೆ ಹಾಕು. ಒಂದೊಂದು ಸಲಕ್ಕೆ ಬೇಕಾದಷ್ಟನ್ನ ಬೇರೆ ಬೇರೆ ಕವರ್ ಮಾಡು. ತೊಗರಿಕಾಯಿ ಕಾಳಿಗೂ ಹೀಗೇ. ಉಪ್ಪಿಟ್ಟಿಗೆ ರವೆ ಮುಂಚೇನೇ ಹುರಿದಿಟ್ಟಿದ್ದರೆ, ಬೆಳಗಿನ ಅವರೆಕಾಳು ಉಪ್ಪಿಟ್ಟು ಇಪ್ಪತ್ತು ನಿಮಿಷಕ್ಕೆ ತಟ್ಟೇಲಿರುತ್ತೆ.