ಕಾಲೇಜಿನ ಪದವಿ ಪ್ರದಾನ ಸಮಾರಂಭಕ್ಕೆ ಯಾರನ್ನು ಕರೆಯಬೇಕು, ಹೇಗೆ ನಡೆಸಬೇಕು? ಅನುಭವ ಹಂಚಿಕೊಳ್ಳಿ

ಕೋರಿಕೆ: ಉಪನ್ಯಾಸಕಿ, ಮೈಸೂರು

ನಾನು ಮೈಸೂರಿನಲ್ಲಿ ಕ್ರೈಸ್ತ ಆಡಳಿತ ಮಂಡಳಿಯ ಪದವಿ ಕಾಲೇಜೊಂದರ ವಾಣಿಜ್ಯ ವಿಭಾಗದಲ್ಲಿ ಉಪನ್ಯಾಸಕಿ. ಈ ವರ್ಷದ ಪದವಿ ಪ್ರದಾನ ಸಮಾರಂಭದ ಹೊಣೆಯನ್ನು ಪ್ರಾಂಶುಪಾಲರು ನನಗೆ ವಹಿಸಿದ್ದಾರೆ. ಪದವೀಧರರು ಸುಮಾರು 400 ಮಂದಿ. ಹೆಚ್ಚಿನವರು ಕ್ರೈಸ್ತರಲ್ಲ, ಅನೇಕರು ಹೆಚ್.ಡಿ. ಕೋಟೆ, ನಂಜನಗೂಡು, ಪಾಂಡವಪುರದ ಕಡೆಯ ರೈತಾಪಿ ಮನೆಗಳ ಮಕ್ಕಳು. ಬಿಷಪ್ ಅವರೇ ಮುಖ್ಯ ಅತಿಥಿಯಾಗಲಿ ಎಂದು ಕೆಲವರೂ, ಹೆಸರಾಂತ ಉದ್ಯಮಿಯನ್ನೋ ರಾಜಕಾರಣಿಯನ್ನೋ ಕರೆಯೋಣ ಎಂದು ಕೆಲವರೂ ಹೇಳುತ್ತಿದ್ದಾರೆ. ಪ್ರಾರ್ಥನೆ ಹೇಗಿರಬೇಕು, ಭಾಷಣ ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಎಂಬುದೂ ಇತ್ಯರ್ಥವಾಗಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ನಿವೃತ್ತ ಕನ್ನಡ ಪ್ರಾಧ್ಯಾಪಕ, ಸರಸ್ವತಿಪುರಂ

ಮೇಡಂ, ನಮಸ್ಕಾರ. ಅತಿಥಿಯ ಪ್ರಶ್ನೆಗೆ ಮುಂಚೆ ಸಮಾರಂಭ ಯಾವುದಕ್ಕಾಗಿ ಎಂಬುದನ್ನು ಸಮಿತಿಯಲ್ಲಿ ಮಾತಾಡಿಕೊಳ್ಳಿ. ನಮ್ಮ ಕಾಲೇಜುಗಳು ಸ್ವಾಯತ್ತವಾಗಿದ್ದರೂ ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯವೇ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದ ಘನತೆಯೇ ಬೇರೆ; 2020ರ ಅಕ್ಟೋಬರ್ 19ರಂದು ನಡೆದ ಶತಮಾನೋತ್ಸವ ಘಟಿಕೋತ್ಸವವನ್ನು ಉದ್ದೇಶಿಸಿ ಪ್ರಧಾನಿಯವರೇ ವಿಡಿಯೊ ಮೂಲಕ ಮಾತನಾಡಿದರು. ಆದರೆ ಅಲ್ಲಿ ಸಾಮಾನ್ಯವಾಗಿ ವೇದಿಕೆ ಹತ್ತುವವರು ಚಿನ್ನದ ಪದಕ ಗಳಿಸಿದವರು ಮತ್ತು ಪಿಎಚ್.ಡಿ. ಪಡೆದವರು. ಎರಡನೆಯ ದರ್ಜೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗನ ಹೆಸರನ್ನು ತಂದೆತಾಯಿಯ ಎದುರಿಗೆ ಮೈಕಿನಲ್ಲಿ ಕರೆಯುವ ಸಭೆ ಅವನ ಬದುಕಿನಲ್ಲಿ ಬಹುಶಃ ನಿಮ್ಮ ಕಾಲೇಜಿನದು ಒಂದೇ. ಆದ್ದರಿಂದ ಹೆಸರು ಕರೆಯುವುದೇ ಆ ದಿನದ ಮುಖ್ಯ ಕಾರ್ಯ. ಅತಿಥಿಯ ಭಾಷಣ ಅದಕ್ಕೆ ಪೂರಕವಾಗಿ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೊತ್ತಿನ ಲೆಕ್ಕವನ್ನೂ ಇದರಿಂದಲೇ ಆರಂಭಿಸಿ. ಒಬ್ಬರಿಗೆ 8 ಸೆಕೆಂಡಿನಂತೆ 400 ಮಂದಿಗೆ 53 ನಿಮಿಷಗಳಾಗುತ್ತವೆ. ನಾಡಗೀತೆಗೆ 2022ರ ಸರ್ಕಾರಿ ಆದೇಶದಂತೆ ಎರಡೂವರೆ ನಿಮಿಷ. ಸ್ವಾಗತ, ವರದಿ, ಪ್ರತಿಜ್ಞಾವಿಧಿ, ವಂದನಾರ್ಪಣೆಗಳನ್ನು ಎಷ್ಟು ಬಿಗಿಯಾಗಿ ಹೊಂದಿಸಿದರೂ ಮುಕ್ಕಾಲು ಗಂಟೆ ಬೇಕು. ಹತ್ತಕ್ಕೆ ಆರಂಭಿಸಿ ಹನ್ನೆರಡರ ಸುಮಾರಿಗೆ ಮುಗಿಸಬೇಕೆಂದರೆ ಮುಖ್ಯ ಭಾಷಣಕ್ಕೆ ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ಹೆಸರುಗಳನ್ನು ಓದುವವರಿಗೆ ಕನ್ನಡದಲ್ಲಿ ಬರೆದ ಪಟ್ಟಿಯನ್ನೇ ಕೊಡಿ. ಇಂಗ್ಲಿಷ್ ಪಟ್ಟಿ ನೋಡಿ ಓದಿದರೆ ಊರಿನ ಹೆಸರೂ ತಂದೆಯ ಹೆಸರೂ ತಪ್ಪಾಗುತ್ತವೆ, ಅದು ಸಭೆಯಲ್ಲಿ ಕೂತವರಿಗೆ ನೋವು ಕೊಡುವ ಸಂಗತಿ.

ಯಾರನ್ನು ಕರೆದರೂ ಆಹ್ವಾನ ಪತ್ರದ ಜೊತೆಗೆ ಒಂದು ಪುಟದ ಟಿಪ್ಪಣಿ ಕಳುಹಿಸಿ. ವಿದ್ಯಾರ್ಥಿಗಳು ಎಲ್ಲಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆಯುತ್ತಿರುವವರು ಎಷ್ಟು ಮಂದಿ, ಹೆಚ್ಚಿನವರು ಮುಂದೆ ಯಾವ ಕೆಲಸಕ್ಕೆ, ಯಾವ ಓದಿಗೆ ಹೋಗುತ್ತಾರೆ, ಭಾಷಣಕ್ಕೆ ಎಷ್ಟು ಹೊತ್ತು ಎಂಬುದು ಅದರಲ್ಲಿರಲಿ. ಇದನ್ನು ಓದಿಕೊಂಡು ಬಂದ ಅತಿಥಿ ಬೇರೆಯೇ ಮಾತನಾಡುತ್ತಾರೆ. ಇಲ್ಲವಾದರೆ ಯಾವ ಊರಿನಲ್ಲಾದರೂ ಆಡಬಹುದಾದ ಮಾತನ್ನೇ ಆಡಿ ಹೊರಡುತ್ತಾರೆ.

ಪೋಷಕ, ಮದ್ದೂರು

ಮೇಡಂ ಅವರಿಗೆ ನಮಸ್ಕಾರಗಳು. ನನ್ನ ಮಗಳು ಮೈಸೂರಿನ ಕಾಲೇಜೊಂದರಲ್ಲಿ ಪದವಿ ಪಡೆದ ದಿನ ನಾನು, ನನ್ನ ಪತ್ನಿ ಹಾಗೂ ನನ್ನ ತಾಯಿಯವರು ಬಂದಿದ್ದೆವು. ಮುಖ್ಯ ಅತಿಥಿಗಳು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಮಾತನಾಡಿದರು. ವಿದ್ವತ್ತಿನ ಮಾತೇ ಇದ್ದಿರಬೇಕು, ಆದರೆ ನಮ್ಮ ಸಾಲಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅವರ ನಂತರ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಹೆಣ್ಣುಮಗಳೊಬ್ಬರು, ತಾವು ಹಾಸ್ಟೆಲ್ ಶುಲ್ಕಕ್ಕೆ ಪಟ್ಟ ಪಾಡನ್ನೂ ಮೊದಲ ಸಂಬಳದಲ್ಲಿ ಮನೆಗೆ ಕಳುಹಿಸಿದ್ದನ್ನೂ ಕನ್ನಡದಲ್ಲಿ ಹೇಳಿದರು. ನನ್ನ ತಾಯಿಯವರು ಊರಿಗೆ ಬಂದು ಎಲ್ಲರಿಗೂ ಹೇಳಿದ್ದು ಆಕೆಯ ಮಾತನ್ನೇ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅತಿಥಿಗಳು ಮೊದಲ ಐದು ನಿಮಿಷವಾದರೂ ಪೋಷಕರನ್ನು ಉದ್ದೇಶಿಸಿ ಕನ್ನಡದಲ್ಲಿ ಮಾತನಾಡುವಂತೆ ದಯವಿಟ್ಟು ಕೇಳಿಕೊಳ್ಳಿ.

ನಿವೃತ್ತ ಪ್ರಾಂಶುಪಾಲೆ, ಧರ್ಮಭಗಿನಿ, ಮೈಸೂರು

ಪ್ರಾರ್ಥನೆಯ ವಿಷಯವನ್ನು ನಾನು ಹೇಳುತ್ತೇನೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಾದ ನಮಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯ ವಿಧಿಯ ಮೂರನೆಯ ಉಪವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಆರಾಧನೆಗೆ ಹಾಜರಾಗುವಂತೆ ಮಾಡಬಾರದೆಂದು ಹೇಳುತ್ತದೆ. ಎರಡನ್ನೂ ಗೌರವಿಸುವ ದಾರಿ ಸುಲಭವಾಗಿದೆ. ಕೃತಜ್ಞತಾ ಬಲಿಪೂಜೆಯನ್ನು, ಅಂದರೆ ಕ್ಯಾಥೊಲಿಕರ ಮಾಸ್ ಆರಾಧನೆಯನ್ನು, ಬೆಳಿಗ್ಗೆ ಕಾಲೇಜಿನ ಪ್ರಾರ್ಥನಾ ಮಂದಿರವಾದ ಚಾಪೆಲ್‌ನಲ್ಲಿ ಪ್ರತ್ಯೇಕವಾಗಿ ಇಟ್ಟು, ಇಷ್ಟವಿರುವವರು ಬರಲಿ ಎಂದು ತಿಳಿಸಿ. ಅಮೆರಿಕದ ಅನೇಕ ಕ್ರೈಸ್ತ ಕಾಲೇಜುಗಳಲ್ಲಿಯೂ ಬ್ಯಾಕಲಾರಿಯೇಟ್ ಎಂಬ ಆರಾಧನೆ ಪದವಿ ಪ್ರದಾನದಿಂದ ಬೇರೆಯಾಗಿಯೇ ನಡೆಯುತ್ತದೆ. ಸಭೆಯಲ್ಲಿ ಎಲ್ಲರೂ ಮನಸಾರೆ ಸೇರಬಲ್ಲ ಒಂದು ಪ್ರಾರ್ಥನಾ ಗೀತೆ, ದೀಪ ಬೆಳಗುವುದು, ಬಿಷಪ್ ಅವರ ಆಶೀರ್ವಚನ ಇವಿಷ್ಟು ಸಾಕು. ಬಿಷಪ್ ಅವರು ಧರ್ಮಪ್ರಾಂತ್ಯದ ಹಿರಿಯರಾಗಿ ಅಧ್ಯಕ್ಷತೆ ವಹಿಸಲಿ, ಮುಖ್ಯ ಭಾಷಣವನ್ನು ಬೇರೆಯವರು ಮಾಡಲಿ.

ಇನ್ನು ರಾಜಕಾರಣಿಗಳ ಪ್ರಶ್ನೆ. 2009ರಲ್ಲಿ ಅಮೆರಿಕದ ನೋಟ್ರ ಡೇಮ್ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯವು ಅಧ್ಯಕ್ಷ ಒಬಾಮ ಅವರನ್ನು ಪದವಿ ಪ್ರದಾನ ಭಾಷಣಕ್ಕೆ ಕರೆದು ಗೌರವ ಡಾಕ್ಟರೇಟ್ ಕೊಟ್ಟಾಗ, ಗರ್ಭಪಾತದ ಹಕ್ಕಿನ ಪರವಾದ ಅವರ ನಿಲುವಿನ ಕಾರಣಕ್ಕೆ ಸ್ಥಳೀಯ ಬಿಷಪ್ ಸಮಾರಂಭಕ್ಕೆ ಬರಲಿಲ್ಲ. ಅದೇ ವೇದಿಕೆಯಲ್ಲಿ ಪದಕ ಸ್ವೀಕರಿಸಬೇಕಿದ್ದ ಕಾನೂನು ಪ್ರಾಧ್ಯಾಪಕಿ ಮೇರಿ ಆನ್ ಗ್ಲೆಂಡನ್ ಅದನ್ನು ನಿರಾಕರಿಸಿದರು. ಚರ್ಚೆಗೆ ವಿಶ್ವವಿದ್ಯಾನಿಲಯ ತೆರೆದಿರಬೇಕೆಂಬ ವಾದಕ್ಕೂ ಬಲವಿತ್ತು. ನಾನು ಇದರಿಂದ ಕಲಿತದ್ದು ಇಷ್ಟು: ಭಿನ್ನ ವಿಚಾರದವರನ್ನು ವಿಚಾರ ಸಂಕಿರಣಕ್ಕೆ ಧಾರಾಳವಾಗಿ ಕರೆಯಿರಿ, ಏಕೆಂದರೆ ಅಲ್ಲಿ ವಿದ್ಯಾರ್ಥಿಗಳು ಎದ್ದು ನಿಂತು ಪ್ರಶ್ನೆ ಕೇಳಬಹುದು. ಪದವಿ ಪ್ರದಾನದ ವೇದಿಕೆಯಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ, ಮೇಲಾಗಿ ಶಾಲು ಹೊದಿಸಿ ಮೈಸೂರು ಪೇಟ ತೊಡಿಸುತ್ತೇವೆ. ಆ ಗೌರವಕ್ಕೆ ಆಡಳಿತ ಮಂಡಳಿ, ಅಧ್ಯಾಪಕರು, ವಿದ್ಯಾರ್ಥಿ ಪ್ರತಿನಿಧಿಗಳು ಮೂವರೂ ಒಪ್ಪುವ ಹೆಸರನ್ನು ಪತ್ರ ಹೋಗುವ ಮೊದಲೇ ನಿಶ್ಚಯಿಸಿಕೊಳ್ಳಿ. ಪತ್ರ ಕೊಟ್ಟ ಮೇಲೆ ಹಿಂದೆಗೆಯುವುದು ಅತಿಥಿಗೂ ಅಗೌರವ.

ಕೋರಿಕೆ ಇಟ್ಟ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಮದ್ದೂರಿನ ಪೋಷಕರ ಅನುಭವ ಓದಿದ ಮೇಲೆ, ಮುಖ್ಯ ಭಾಷಣಕ್ಕೆ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಯೋಣ ಎಂದು ಸಮಿತಿಯ ಮುಂದಿಡುತ್ತೇನೆ. ಆದರೂ ದೊಡ್ಡ ಹುದ್ದೆಯವರೊಬ್ಬರು ಇರಲೇಬೇಕೆಂದು ಆಡಳಿತ ಮಂಡಳಿ ಪಟ್ಟು ಹಿಡಿದರೆ ಏನು ಮಾಡುವುದು?

ನಿವೃತ್ತ ಕನ್ನಡ ಪ್ರಾಧ್ಯಾಪಕ, ಸರಸ್ವತಿಪುರಂ

ಅವರಿಂದ ಸ್ಮರಣ ಸಂಚಿಕೆ ಬಿಡುಗಡೆ ಮಾಡಿಸಿ, ಎರಡು ಮಾತು ಆಡಿಸಿ. ಪದವೀಧರರನ್ನು ಉದ್ದೇಶಿಸುವ ಭಾಷಣವನ್ನು ಹಳೆಯ ವಿದ್ಯಾರ್ಥಿಗೇ ಉಳಿಸಿ, ಆಹ್ವಾನ ಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚು ಹಾಕಿಸಿ. ಇನ್ನೊಂದನ್ನು ಪ್ರಾಂಶುಪಾಲರಿಂದ ಮೊದಲೇ ಒಪ್ಪಿಸಿಕೊಳ್ಳಿ: ದೊಡ್ಡವರು ಬರುವುದು ತಡವಾದರೆ ಸಭೆಯನ್ನು ಕಾಯಿಸದೆ, ಹತ್ತಕ್ಕೆ ನಾಡಗೀತೆ ಮುಗಿಸಿ ಹೆಸರು ಕರೆಯಲು ತೊಡಗಿ. ಹೆಚ್.ಡಿ. ಕೋಟೆಯ ಕಡೆಯ ಹಳ್ಳಿಗಳಿಂದ ಬಂದವರು ನಸುಕಿನಲ್ಲೇ ಎದ್ದು ಬಸ್ ಹಿಡಿದಿರುತ್ತಾರೆ.