ಕರಬೂಜದ ಬಳ್ಳಿ ತುಂಬಾ ಹೂವು, ಕಾಯಿ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ – ಹೊಸನಗರ

ಭತ್ತ ಕೊಯ್ದ ಮಕ್ಕಿಗದ್ದೆಯಲ್ಲಿ ಡಿಸೆಂಬರ್ ಮೊದಲ ವಾರ ಕರಬೂಜದ ಬೀಜ ಹಾಕಿದ್ದೆವು. ತಳಿ ಅರ್ಕಾ ರಾಜಹಂಸ. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಮೇಲೆ ದಪ್ಪಗೆ ದರಕು (ಒಣ ಎಲೆ). ಹುಟ್ಟುವುದೇ ತಡವಾಯಿತು, ಹುಟ್ಟಿದ ಗಿಡ ಜನವರಿ ಪೂರ್ತಿ ಕೂತಲ್ಲೇ ಕೂತಿತ್ತು. ಈಗ ಫೆಬ್ರವರಿ ಮಧ್ಯ. ಬಳ್ಳಿ ಹಬ್ಬುತ್ತಿದೆ, ಹೂವೂ ಬೇಕಾದಷ್ಟಿದೆ. ಆದರೆ ಗೋಲಿ ಗಾತ್ರದ ಕಾಯಿ ಹಳದಿಯಾಗಿ ಉದುರುತ್ತಿದೆ. ಹಗಲು ಬಿಸಿಲು ಜೋರು, ಬೆಳಗ್ಗೆ ಒಂಬತ್ತರವರೆಗೂ ಇಬ್ಬನಿ. ಯೂರಿಯಾ ಕೊಟ್ಟರೆ ಸರಿಹೋದೀತಾ?

ಉತ್ತರ – ಸಾಗರ

ಯೂರಿಯಾ ಬೇಡವೇ ಬೇಡ ಮಾರಾಯ್ರೆ, ಎಲೆ ಇನ್ನಷ್ಟು ಸೊಕ್ಕುತ್ತದೆ ಅಷ್ಟೆ. ಮೊದಲು ಉದುರಿದ ಕಾಯಿ ನಾಲ್ಕೈದನ್ನು ಹೆಚ್ಚಿ ನೋಡಿ. ಒಳಗೆ ಹುಳ ಇದ್ದರೆ ಹಣ್ಣು ನೊಣದ ಕೆಲಸ, ಕ್ಯೂ ಲೂರ್ ಬಲೆ (ವಾಸನೆಗೆ ಗಂಡು ನೊಣ ಬಂದು ಸಿಕ್ಕಿಬೀಳುವ ಡಬ್ಬಿ) ಕಟ್ಟಿ, ಉದುರಿದ್ದನ್ನೆಲ್ಲ ಆರಿಸಿ ಆಳವಾಗಿ ಹೂಳಿ. ಹುಳ ಇಲ್ಲದಿದ್ದರೆ ಪರಾಗಸ್ಪರ್ಶ ಆಗಿಲ್ಲ ಎಂದೇ ಲೆಕ್ಕ.

ಕರಬೂಜದಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು. ಕಾಯಿ ಕಚ್ಚುವ ಹೂವು ಪಕ್ಕದ ಕವಲುಗಳ ಬುಡದ ಗಿಣ್ಣಿನಲ್ಲಿ ಬರುತ್ತದೆ, ಎಸಳಿನ ಹಿಂದೆ ಪುಟ್ಟ ಗುಂಡು ಇರುತ್ತದೆ. ನಮ್ಮಲ್ಲಿ ಸಿಗುವ ಹೆಚ್ಚಿನ ತಳಿಗಳಲ್ಲಿ ಅದರೊಳಗೇ ಪರಾಗವೂ ಇರುತ್ತದೆ. ಹಾಗಂತ ತಾನಾಗಿ ಕೂಡುವುದಿಲ್ಲ, ಜೇನು ಬರಲೇಬೇಕು. ಇಬ್ಬನಿಯಲ್ಲಿ ಒದ್ದೆಯಾದ ಪರಾಗ ಅಂಟಂಟಾಗಿ ಕೂರುತ್ತದೆ, ಚಳಿಗೆ ತುಡುವೆಯೂ ತಡವಾಗಿ ಹೊರಡುತ್ತದೆ. ಹೂವು ಅರಳಿರುವುದೋ ಒಂದೇ ದಿನ.

ಕೈಯಲ್ಲೇ ಮಾಡಿ. ಇಬ್ಬನಿ ಆರಿದ ಕೂಡಲೇ ಆ ದಿನ ಅರಳಿದ ಗಂಡು ಹೂವು ಕಿತ್ತು, ಎಸಳು ಸುಲಿದು, ಗುಂಡಿರುವ ಹೂವಿನ ನಡುವಿಗೆ ಮೆತ್ತಗೆ ಉಜ್ಜಿ. ಬಳ್ಳಿಗೆ ಎರಡು-ಮೂರು ಕಾಯಿ ನಿಂತರೆ ಸಾಕು, ಉಳಿದದ್ದು ಚಿವುಟಿಬಿಡಿ. ಹೂವಿನ ಕಾಲದಲ್ಲಿ ಔಷಧಿ ಹೊಡೆಯುವುದೇ ಆದರೆ ಸಂಜೆ ಹೊಡೆಯಿರಿ.

ಉತ್ತರ – ತೀರ್ಥಹಳ್ಳಿ

ಮೇಲಿನವರು ಹೇಳಿದ್ದು ಸರಿ, ಆದರೆ ಜನವರಿ ಪೂರ್ತಿ ಗಿಡ ಕೂತಿದ್ದು ಯಾಕೆ? ನನ್ನ ಅನುಮಾನ ದರಕಿನ ಮೇಲೆ. ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿ ಮಾಡಿ ನಮಗೆ ಅದೇ ರೂಢಿ. ಕರಬೂಜಕ್ಕೆ ಚಳಿಗಾಲದಲ್ಲಿ ಅದೇ ಶತ್ರು, ಬಿಸಿಲು ಮಣ್ಣಿಗೆ ತಾಗಲು ಬಿಡುವುದಿಲ್ಲ. ಮಣ್ಣು 18 ಡಿಗ್ರಿಗಿಂತ ಕೆಳಗಿದ್ದರೆ ಬೀಜ ಏಳುವುದು ಕಷ್ಟ, 27ರಿಂದ 32 ಇದ್ದರೆ ವಾರದೊಳಗೆ ಮೇಲೆ. ಈಗಲೇ ಬುಡದ ಸುತ್ತ ಬಿಡಿಸಿ. ಕಾಯಿ ನೆಲಕ್ಕೆ ತಾಗುವ ಹೊತ್ತಿಗೆ ಅದರಡಿಗೆ ಮಾತ್ರ ಹಾಕಿಕೊಳ್ಳಿ.

ಮುಂದಿನ ವರ್ಷ ಕಪ್ಪು ಮಲ್ಚಿಂಗ್ ಶೀಟ್ ಹಾಸಿ, ಬೀಜವನ್ನು ಜನವರಿ ಮಧ್ಯದಲ್ಲಿ ಕಾಗದದ ಲೋಟದಲ್ಲಿ ಹಾಕಿ ಬಚ್ಚಲೊಲೆಯ ಹತ್ತಿರ ಇಡಿ. ಮೊಳಕೆ ಕಂಡ ದಿನವೇ ಬಿಸಿಲಿಗೆ ತನ್ನಿ. ಎರಡು-ಮೂರು ಎಲೆ ಬಂದಾಗ ಬೇರು ಅಲುಗದಂತೆ ನೆಡಿ, ಈ ಜಾತಿಗೆ ಬೇರು ಮುಟ್ಟಿದರೆ ಮುನಿಸು. ಹಣ್ಣು ಏಪ್ರಿಲ್ ಮುಗಿಯುವುದರೊಳಗೆ ಕೈಗೆ ಬರಬೇಕು. ಆಮೇಲೆ ಗುಡುಗು ಮಳೆ ಹಿಡಿದರೆ ಹಣ್ಣು ಒಡೆಯುತ್ತದೆ, ಸಪ್ಪೆಯಾಗುತ್ತದೆ. ದಿನ ಉಳಿಸಬೇಕಾದ್ದರಿಂದ ನಾನು ಸಣ್ಣ ಹಣ್ಣಿನ ಅರ್ಕಾ ಜೀತ್ ಆರಿಸುತ್ತೇನೆ. ಒಂದೂಕಾಲು ಕೆಜಿಯ ರಾಜಹಂಸಕ್ಕೆ ಬೂದಿ ರೋಗ ತಡೆಯುವ ಗುಣ ಇದೆ ನಿಜ, ಆದರೂ ನಮ್ಮ ಕಡೆಗೆ ಚಿಕ್ಕದೇ ವಾಸಿ.

ಉತ್ತರ – ಶಿಕಾರಿಪುರ

ನಮ್ಮಲ್ಲಿ ಡಿಸೆಂಬರ್ ಬಿತ್ತನೆಯೂ ನಡೆಯುತ್ತದೆ. ಬಯಲು ಸೀಮೆಯ ಬಿಸಿಲೇ ಬೇರೆ. ನಮ್ಮ ಲೆಕ್ಕ ನಿಮ್ಮ ಗದ್ದೆಗೆ ಹಿಡಿಯಬೇಡಿ.

ಬೂದಿ ರೋಗದ ಮಾತು ಬಂತಲ್ಲ, ಗಂಧಕ ಹೊಡೆಯುವ ಮುಂಚೆ ಒಂದು ಬಳ್ಳಿಗೆ ಹಾಕಿ ನೋಡಿ. ಬಿಸಿಲಲ್ಲಿ ಕರಬೂಜದ ಎಲೆ ಸುಡುತ್ತದೆ. ಎಲೆ ಹೋದರೆ ಸಿಹಿಯೂ ಹೋಯಿತು.

ಪ್ರಶ್ನೆ ಕೇಳಿದವರು

ಹೆಚ್ಚಿ ನೋಡಿದೆ, ಹುಳ ಇಲ್ಲ. ದರಕು ಬಿಡಿಸಿದ್ದೇವೆ, ಹೂವು ಮುಟ್ಟಿಸುವ ಕೆಲಸ ಮಗಳು ವಹಿಸಿಕೊಂಡಿದ್ದಾಳೆ. ಇನ್ನೆರಡು ಸಂಶಯ. ಮಣ್ಣು ಹುಳಿ, ಪಿಎಚ್ 5.4 ಬಂದಿದೆ. ಈಗ ಸುಣ್ಣ ಹಾಕಲಾ? ಮತ್ತೆ, ಮಂಗನಿಗೆ ಹೆದರಿ ಹಣ್ಣು ಬೇಗ ಕೊಯ್ದು ಒಳಗಿಟ್ಟರೆ ಸಿಹಿ ಬರುತ್ತದಾ?

ಉತ್ತರ – ಸಾಗರ

ಕರಬೂಜಕ್ಕೆ 6ರಿಂದ 6.8 ಬೇಕು, ಹುಳಿ ಮಣ್ಣು ಇದಕ್ಕೆ ಆಗಿಬರುವುದಿಲ್ಲ. ಆದರೆ ನಿಂತ ಬಳ್ಳಿಯ ಬುಡಕ್ಕೆ ಸುಣ್ಣ ಸುರಿಯಬೇಡಿ. ಈ ಬೆಳೆ ಮುಗಿಯಲಿ. ಮುಂದಿನ ಸಲ ಭತ್ತ ಕೊಯ್ದ ಕೂಡಲೇ, ನಾಟಿಗೆ ಮೂರು ವಾರ ಮುಂಚೆಯೇ ಹಾಕಿ ಮಣ್ಣಿಗೆ ಸೇರಿಸಿ. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಕೊಯ್ದ ಮೇಲೆ ಹಣ್ಣು ಮೆತ್ತಗಾಗುತ್ತದೆ, ಪರಿಮಳ ಬರುತ್ತದೆ, ಸಿಹಿ ಮಾತ್ರ ಏರುವುದಿಲ್ಲ. ತೊಟ್ಟಿನ ಸುತ್ತ ಬಿರುಕು ಕಾಣುವವರೆಗೆ ಬಳ್ಳಿಯಲ್ಲೇ ಬಿಡಿ, ಕೊನೆಯ ವಾರ ನೀರು ತೀರಾ ಕಡಿಮೆ ಮಾಡಿ. ಮಂಗನಿಗೆ ಔಷಧಿ ಇಲ್ಲ. ಹಣ್ಣಿಗೆ ಒಂದೊಂದು ಬಲೆಚೀಲ ಕಟ್ಟಿ ಮೇಲೆ ಸೋಗೆ ಮುಚ್ಚಿದರೆ ಅರ್ಧವಾದರೂ ಉಳಿದೀತು.