‘ಪಬ್ಲಿಸಿಸ್ಟ್’ಗೆ ಕನ್ನಡದಲ್ಲಿ ಏನನ್ನೋಣ? ಪ್ರಚಾರಕ, ಪಿಆರ್‌ಒ, ಪತ್ರಿಕಾ ಸಂಪರ್ಕ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲೇಖಕಿಯೊಬ್ಬಳ ಪಬ್ಲಿಸಿಸ್ಟ್, ಅಂದರೆ ಆ ಲೇಖಕಿಯ ಸುದ್ದಿ ಮಾಧ್ಯಮಗಳಲ್ಲಿ ಬರುವಂತೆ ನೋಡಿಕೊಳ್ಳುವವಳು, ಅದರಲ್ಲಿ ಮುಖ್ಯ ಪಾತ್ರ. ‘ಪ್ರಚಾರಕಿ’ ಎಂದರೆ ಚುನಾವಣೆ ನೆನಪಾಗುತ್ತದೆ, ‘ಸಾರ್ವಜನಿಕ ಸಂಪರ್ಕಾಧಿಕಾರಿ’ (ಪಿಆರ್‌ಒ) ಎಂದರೆ ಸರ್ಕಾರಿ ಕಚೇರಿ ಕಣ್ಣಮುಂದೆ ಬರುತ್ತದೆ. ಅವಳ ಬಾಯಲ್ಲಿ ಬರುವ ‘ಪ್ಲೇಸ್ ಮಾಡಿಸು’ (ಸುದ್ದಿ ಪತ್ರಿಕೆಯಲ್ಲಿ ಬರುವಂತೆ ಮಾಡುವುದು), ‘ಪಿಚ್’ (ಸುದ್ದಿಯ ವಿಷಯವನ್ನು ಪತ್ರಕರ್ತರ ಮುಂದಿಡುವುದು), ‘ಎಂಬಾರ್ಗೊ’ (ಇಂಥ ಹೊತ್ತಿನವರೆಗೆ ಪ್ರಕಟಿಸಬಾರದೆಂಬ ಷರತ್ತು) ಇವುಗಳಿಗೂ ಬಳಕೆಯ ಮಾತು ಬೇಕು. ಇನ್ನೊಂದು ಕಡೆ ಇದೇ ಪದ ಹಳೆಯ ಕಾಲದ ನ್ಯಾಯಶಾಸ್ತ್ರಜ್ಞನೊಬ್ಬನ ಬಗ್ಗೆ ಬಂದಿದೆ. ಅಲ್ಲಿ ಪ್ರಚಾರದ ಅರ್ಥ ಕೂಡುವುದೇ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ

ನಿಮ್ಮ ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಈ ಪದಕ್ಕೆ ಸಾರ್ವಜನಿಕ ಕಾನೂನಿನ, ಅದರಲ್ಲೂ ದೇಶದೇಶಗಳ ನಡುವಿನ ಕಾನೂನಿನ ವಿದ್ವಾಂಸ ಎಂಬ ಹಳೆಯ ಅರ್ಥವಿದೆ. ಅದು ಇನ್ನೂ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿಯಲ್ಲಿ, ನ್ಯಾಯಾಲಯ ಯಾವ ಯಾವ ಆಧಾರ ನೋಡಬಹುದು ಎನ್ನುವಲ್ಲಿ, ತೀರ್ಪುಗಳ ಜೊತೆಗೆ ವಿವಿಧ ದೇಶಗಳ ಅತ್ಯಂತ ಅರ್ಹ ‘ಪಬ್ಲಿಸಿಸ್ಟ್’ಗಳ ಬೋಧನೆಗಳನ್ನೂ ಸೇರಿಸಿದ್ದಾರೆ. ಅಲ್ಲಿ ‘ಪ್ರಚಾರಕರು’ ಎಂದು ಬರೆದರೆ ವಿಧಿಯ ಅರ್ಥವೇ ಕೆಟ್ಟುಹೋಗುತ್ತದೆ. ‘ಕಾನೂನು ವಿದ್ವಾಂಸರು’ ಸರಿ. ಹತ್ತೊಂಬತ್ತನೇ ಶತಮಾನದ ರಷ್ಯನ್, ಜರ್ಮನ್ ಬರಹಗಳ ಅನುವಾದದಲ್ಲಿ ಈ ಪದ ಸಿಕ್ಕರೆ ಅದು ಮೂರನೆಯ ಅರ್ಥ: ತನ್ನ ಕಾಲದ ರಾಜಕೀಯ, ಸಮಾಜದ ಬಗ್ಗೆ ಪತ್ರಿಕೆಗಳಲ್ಲಿ ವಾದ ಹೂಡಿ ಬರೆಯುವವರು. ಅವರು ‘ರಾಜಕೀಯ ಲೇಖಕರು’.

ಇನ್ನು ನಿಮ್ಮ ಕಾದಂಬರಿಯ ಹೆಣ್ಣು. ‘ಪ್ರಚಾರಕಿ’ ಬೇಡ ಎಂಬ ನಿಮ್ಮ ಅನುಮಾನ ನ್ಯಾಯವಾದದ್ದು. ಕನ್ನಡದಲ್ಲಿ ಪ್ರಚಾರಕ ಎಂದರೆ ತಾನೇ ಜನರ ಮುಂದೆ ನಿಂತು ಮಾತಾಡುವವನು. ಧರ್ಮ ಪ್ರಚಾರಕ ಹಾಗೆ, ತಾರಾ ಪ್ರಚಾರಕ ಹಾಗೆ. (ಮಾನ್ಯತೆ ಪಡೆದ ಪಕ್ಷ ಚುನಾವಣಾ ಆಯೋಗಕ್ಕೆ ಕೊಡುವ ಪಟ್ಟಿಯಲ್ಲಿ ಇಂಥ 40 ಹೆಸರಿಗೆ ಅವಕಾಶವಿದೆ.) ಪಬ್ಲಿಸಿಸ್ಟ್ ಇದಕ್ಕೆ ತದ್ವಿರುದ್ಧ. ಅವಳು ತಾನು ಮಾತಾಡುವುದಿಲ್ಲ, ಬೇರೆಯವರು ಮಾತಾಡುವ ಹಾಗೆ ನೋಡಿಕೊಳ್ಳುತ್ತಾಳೆ. ವೇದಿಕೆಯಲ್ಲಿ ಅವಳೇ ಕಂಡರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ‘ವಕ್ತಾರೆ’ಯೂ ಹೊಂದುವುದಿಲ್ಲ. ವಕ್ತಾರರ ಮಾತನ್ನು ಅವರ ಹೆಸರು ಹಾಕಿಯೇ ಪತ್ರಿಕೆಗಳು ಬರೆಯುತ್ತವೆ.

ನಮ್ಮಲ್ಲಿ ಈ ಕಸುಬಿಗೆ ಗಟ್ಟಿಯಾದ ಹೆಸರು ಸಿಕ್ಕಿದ್ದು ಸಿನಿಮಾದಲ್ಲಿ. ತಮಿಳಿನಲ್ಲಿ ಫಿಲ್ಮ್ ನ್ಯೂಸ್ ಆನಂದನ್ 1950ರ ದಶಕದ ಕೊನೆಯಲ್ಲೇ ಪಿಆರ್‌ಒ ಆಗಿ ಗುರುತಾಗಿದ್ದರು. ಕನ್ನಡದಲ್ಲಿ ಆ ಮೊದಲ ಸ್ಥಾನ ಡಿ.ವಿ. ಸುಧೀಂದ್ರ ಅವರದು. 1976ರಲ್ಲಿ ಅವರು ಕಟ್ಟಿದ ಶ್ರೀ ರಾಘವೇಂದ್ರ ಚಿತ್ರವಾಣಿ ಇಂದಿಗೂ ನಡೆಯುತ್ತಿದೆ. ಮಾತಿನಲ್ಲಿ ಎಲ್ಲರೂ ‘ಪಿಆರ್‌ಒ’ ಎನ್ನುತ್ತಾರೆ, ಟೈಟಲ್ ಕಾರ್ಡಿನಲ್ಲಿ ‘ಪತ್ರಿಕಾ ಸಂಪರ್ಕ’ ಎಂದು ಬರುತ್ತದೆ. ಅದೇ ಕಾರ್ಡುಗಳಲ್ಲಿ ಬರುವ ‘ಪ್ರಚಾರ ಕಲೆ’ ಬೇರೆ, ಅದು ಪೋಸ್ಟರ್ ವಿನ್ಯಾಸ ಮಾಡಿದವರ ಹೆಸರು. ಅನುವಾದಕರು ಇವೆರಡನ್ನೂ ಕಲಸಿಬಿಡುವುದುಂಟು.

ಪದ ಆರಿಸುವ ಮೊದಲು ಒಂದು ಗೆರೆ ಕಾಣಬೇಕು. ಜಾಹೀರಾತಿನವರು ಜಾಗ ಕೊಳ್ಳುತ್ತಾರೆ: ಇಷ್ಟು ಚದರ ಸೆಂಟಿಮೀಟರ್, ಇಂಥ ಪುಟ, ಇಂತಿಷ್ಟು ದರ. ಏನು ಅಚ್ಚಾಗಬೇಕೆಂದು ಹೇಳುವ ಅಧಿಕಾರ ಅವರಿಗಿದೆ. ಪಬ್ಲಿಸಿಸ್ಟ್ ಜಾಗ ಕೊಳ್ಳುವುದಿಲ್ಲ. ಸುದ್ದಿಗೆ ಬೇಕಾದ ಸರಕನ್ನು ಹೊತ್ತಿಗೆ ಸರಿಯಾಗಿ ಒದಗಿಸಿ, ಹಾಕುವುದೋ ಬಿಡುವುದೋ ಎಂಬ ತೀರ್ಮಾನವನ್ನು ಸಂಪಾದಕರಿಗೇ ಬಿಡುತ್ತಾಳೆ. ಅವಳಿಗೆ ಸಂಬಳ ಕೊಡುವವರು ಲೇಖಕಿಯೋ ಪ್ರಕಾಶಕರೋ ನಿರ್ಮಾಪಕರೋ ಆಗಿರಬಹುದು, ಪತ್ರಿಕೆಯವರಿಗೆ ಮಾತ್ರ ಅವಳಿಂದ ಕಾಸು ಹೋಗುವಂತಿಲ್ಲ. ಹೋದರೆ ಅದು ಕಾಸಿಗಾಗಿ ಸುದ್ದಿ.

ಈ ಗೆರೆಯನ್ನು ಕನ್ನಡ ತನ್ನ ಕ್ರಿಯಾಪದಗಳಲ್ಲೇ ಎಳೆದಿಟ್ಟಿದೆ. ‘ಪೇಪರಿನಲ್ಲಿ ಬಂತು’ ಎಂದರೆ ಯಾರ ಕೈವಾಡವೂ ಇಲ್ಲ. ‘ಪೇಪರಿನವರು ಹಾಕಿದರು’ ಎಂದರೆ ತೀರ್ಮಾನ ಅವರದು. ‘ಪೇಪರಿನಲ್ಲಿ ಹಾಕಿಸಿದಳು’ ಎಂದ ಕೂಡಲೇ ಓದುಗರಿಗೆ ವಶೀಲಿಯೋ ದುಡ್ಡೋ ಓಡಾಡಿದೆ ಎನಿಸುತ್ತದೆ. ಆದ್ದರಿಂದ ‘ಪ್ಲೇಸ್ ಮಾಡಿಸು’ವನ್ನು ಎಲ್ಲ ಕಡೆ ‘ಹಾಕಿಸು’ ಎನ್ನಬೇಡಿ. ಅವಳು ಪ್ರಾಮಾಣಿಕವಾಗಿ ನಡೆದುಕೊಂಡ ಕಡೆ ‘ಬರುವ ಹಾಗೆ ನೋಡಿಕೊಂಡಳು’ ಎನ್ನಿ. ಹದ ಮೀರಿದ ಕಡೆ ‘ಹಾಕಿಸಿದಳು’, ‘ಬರೆಸಿದಳು’ ಎನ್ನಿ. ವಿವರಣೆಯಿಲ್ಲದೆ ಪಾತ್ರದ ನಡತೆ ಓದುಗರಿಗೆ ತಿಳಿಯುತ್ತದೆ.

ಅವಳು ದಿನವಿಡೀ ಮಾಡುವುದೇನು ಎಂದು ಗೊತ್ತಿದ್ದರೆ ಸಂಭಾಷಣೆ ಸಹಜವಾಗುತ್ತದೆ. ಪ್ರೆಸ್‌ನೋಟನ್ನೇ ತೆಗೆದುಕೊಳ್ಳಿ. ಸಂಘ ಸಂಸ್ಥೆಗಳ ನೋಟಿನ ನೆತ್ತಿಯ ಮೇಲೆ ಈಗಲೂ ‘ಪ್ರಕಟಣೆಯ ಕೃಪೆಗಾಗಿ’ ಎಂದಿರುತ್ತದೆ. ಕಸುಬಿನವರು ಒಂದು ಪುಟ, ಹೆಚ್ಚೆಂದರೆ ಇನ್ನೂರೈವತ್ತು ಪದ ಬರೆಯುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲ ಪ್ಯಾರಾದಲ್ಲೇ ಮುಗಿಯಬೇಕು, ಏಕೆಂದರೆ ಜಾಗ ಸಾಲದಿದ್ದರೆ ಸುದ್ದಿ ತಿದ್ದುವ ಡೆಸ್ಕಿನವರು ಕತ್ತರಿಸುವುದು ಕೆಳಗಿನಿಂದ. ‘ಬಹುನಿರೀಕ್ಷಿತ’, ‘ಅದ್ದೂರಿ’, ‘ವಿಭಿನ್ನ’ ಎಂಬ ವಿಶೇಷಣಗಳು ಅಲ್ಲಿ ಮೊದಲು ಹಾರಿಹೋಗುತ್ತವೆ. ಅವನ್ನು ತೆಗೆದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ನೋಟೇ ಕಸದ ಬುಟ್ಟಿಗೆ. ‘ಚಿತ್ರೀಕರಣ ಮುಗಿದಿದೆ, ಡಬ್ಬಿಂಗ್ ನಡೆದಿದೆ’ ಎಂಬ ಬೋಳು ವಾಕ್ಯ ಅಚ್ಚಾಗುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಲವು ಪತ್ರಿಕೆಗಳು ಪುಟ ಕಟ್ಟುವುದು ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರವ್ಯವಸ್ಥೆಯಲ್ಲಿ, ಜಾಲತಾಣಕ್ಕೆ ಮಾತ್ರ ಯೂನಿಕೋಡ್ ಬೇಕು. ನುಡಿಯಲ್ಲಿ ಬರೆದ ನೋಟನ್ನು ವಾಟ್ಸ್ಆ್ಯಪಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಹೋಗುತ್ತದೆ. ಯೂನಿಕೋಡಿನಿಂದ ಬದಲಿಸುವಾಗ ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ ಬಿದ್ದುಹೋಗಿ ‘ಟ್ರೇಲರ್‌ಗೆ’ ಎಂಬುದು ‘ಟ್ರೇಲರ್ಗೆ’ ಆಗಿ, ಅರ್ಕಾವತ್ತು ಹೊತ್ತು ನಿಲ್ಲುತ್ತದೆ. ಕಲಾವಿದರ ಹೆಸರಿನಲ್ಲಿ ಇದೇ ಆದರೆ ಮರುದಿನ ಬೆಳಿಗ್ಗೆ ದೂರು ಬರುವುದು ಪಿಆರ್‌ಒಗೆ. ಅದಕ್ಕೇ ಎರಡೂ ರೂಪ ಕಳಿಸಿ, ಹೆಸರುಗಳು ಹೇಗಿರಬೇಕೆಂದು ನೋಡಿಕೊಳ್ಳಲು ಒಂದು ಪಿಡಿಎಫ್ ಕೂಡ ಇಡುತ್ತಾರೆ. ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಮೇಲ್‌ನಲ್ಲಿ ಕಳಿಸಬೇಕು, ಚಿತ್ರದಲ್ಲಿರುವವರ ಹೆಸರನ್ನು ‘ಎಡದಿಂದ’ ಎಂದು ಸಾಲಾಗಿ ಕೊಡಬೇಕು. ಶುಕ್ರವಾರದ ಸಿನಿಮಾ ಪುರವಣಿಗೆ ಗುರುವಾರ ಸಂಜೆ ಸರಕು ಕಳಿಸಿ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಪುಟ ಮುಗಿದಿರುತ್ತದೆ.

ಸುದ್ದಿಗೋಷ್ಠಿಯಲ್ಲಿ ವೇದಿಕೆಯ ಮಾತು ಮುಗಿದ ಮೇಲೆ ಟಿವಿಯವರು ‘ಬೈಟ್’ (ಕ್ಯಾಮೆರಾ ಮುಂದೆ ಒಂದೆರಡು ಮಾತು) ಕೇಳುತ್ತಾರೆ, ಪತ್ರಿಕೆಯವರು ಪ್ರತ್ಯೇಕ ಮಾತು ಬಯಸುತ್ತಾರೆ. ಯಾರನ್ನು ಮೊದಲು ಬಿಡಬೇಕು, ಯಾರನ್ನು ಎಷ್ಟು ಹೊತ್ತು ಕಾಯಿಸಬಹುದು ಎಂಬುದರಲ್ಲೇ ಈ ಕಸುಬಿನ ಜಾಣ್ಮೆ ಇದೆ. ಒಬ್ಬರಿಗೆ ಮಾತ್ರ ಕೊಟ್ಟ ವಿಷಯ ‘ಎಕ್ಸ್‌ಕ್ಲೂಸಿವ್’. ಅದನ್ನೇ ಇಬ್ಬರಿಗೆ ಕೊಟ್ಟು ಸಿಕ್ಕಿಬಿದ್ದರೆ ಇಬ್ಬರೂ ಮುಂದೆ ಫೋನ್ ಎತ್ತುವುದಿಲ್ಲ.

‘ಎಂಬಾರ್ಗೊ’ಗೆ ಒಂದೇ ಪದ ಹುಡುಕಬೇಡಿ. ‘ಭಾನುವಾರ ಬೆಳಿಗ್ಗೆ ಹತ್ತರವರೆಗೆ ಪ್ರಕಟಿಸಬೇಡಿ’ ಎಂದು ಅವಳ ಬಾಯಲ್ಲಿ ಹೇಳಿಸಿ. ನಿರೂಪಣೆಯಲ್ಲಿ ಬೇಕೇ ಬೇಕಾದರೆ ‘ಪ್ರಕಟಣೆಗೆ ತಡೆ’. ‘ಪಿಚ್’ಗೆ ‘ಒಂದು ಸ್ಟೋರಿ ಇದೆ ಸರ್, ನಿಮ್ಮ ಪುರವಣಿಗೆ ಒಗ್ಗುತ್ತದೆ, ನೋಡುತ್ತೀರಾ?’ ಎಂಬ ಫೋನ್ ಮಾತೇ ಸಾಕು. ‘ಆಫ್ ದಿ ರೆಕಾರ್ಡ್’ಗೆ ‘ಇದು ಬರೆಯೋಕಲ್ಲ’.

ಅವಳ ಹುದ್ದೆಗೆ ನನ್ನ ಸಲಹೆ: ಮೊದಲ ಸಲ ‘ಪತ್ರಿಕಾ ಸಂಪರ್ಕ ನೋಡಿಕೊಳ್ಳುವವಳು’ ಎಂದು ಬಿಡಿಸಿ ಬರೆದು, ಮುಂದೆ ‘ಪಿಆರ್’ ಎನ್ನಿ. ಕನ್ನಡದ ಓದುಗರು ಆ ಮಾತನ್ನು ದಿನವೂ ಬಳಸುತ್ತಾರೆ.

ಸೇರ್ಪಡೆ

ಮೇಲಿನ ಉತ್ತರಕ್ಕೆ ಎರಡು ಮಾತು. ಟಿವಿ, ಯೂಟ್ಯೂಬ್ ಬಂದ ಮೇಲೆ ‘ಪತ್ರಿಕಾ’ ಎಂಬುದು ಇಕ್ಕಟ್ಟಾಯಿತು, ‘ಮಾಧ್ಯಮ ಸಂಪರ್ಕ’ ಎಂದರೆ ಎಲ್ಲವೂ ಸೇರುತ್ತದೆ. ಕಾದಂಬರಿ ಇಂದಿನದಾದರೆ ಅದನ್ನೇ ಬಳಸಿ, ಹಿಂದಿನ ಕಾಲದ್ದಾದರೆ ‘ಪತ್ರಿಕಾ ಸಂಪರ್ಕ’ ಇರಲಿ. ‘ಸಾರ್ವಜನಿಕ ಸಂಪರ್ಕಾಧಿಕಾರಿ’ಯನ್ನು ವಿಶ್ವವಿದ್ಯಾಲಯ, ರೈಲ್ವೆ, ಆಸ್ಪತ್ರೆಗಳಿಗೇ ಬಿಡುವುದು ಒಳ್ಳೆಯದು. ಅಲ್ಲಿ ಅದು ನೇಮಕಾತಿ ಆದೇಶದಲ್ಲಿರುವ ಹುದ್ದೆ. ಲೇಖಕಿಯೊಬ್ಬಳು ಗೊತ್ತುಮಾಡಿಕೊಂಡವಳು ‘ಅಧಿಕಾರಿ’ ಆಗುವುದು ಹೇಗೆ?

ಎರಡನೆಯದು, ಪಾತ್ರ ಇನ್‌ಸ್ಟಾಗ್ರಾಮ್‌ನವರಿಂದ ಪುಸ್ತಕದ ಬಗ್ಗೆ ದುಡ್ಡು ಕೊಟ್ಟು ರೀಲ್ಸ್ ಮಾಡಿಸುವ ಭಾಗವಿದ್ದರೆ ಅಲ್ಲಿ ಸುದ್ದಿಗೂ ಜಾಹೀರಾತಿಗೂ ನಡುವಿನ ಗೆರೆ ದಾಟಿದಂತೆಯೇ. ದುಡ್ಡೋ ಬೇರೆ ಲಾಭವೋ ಪಡೆದು ಹೊಗಳಿದರೆ ಆ ನಂಟನ್ನು ನೋಡುಗರಿಗೆ ತಿಳಿಸಬೇಕೆಂದು ಜಾಹೀರಾತು ಮಾನಕ ಮಂಡಳಿಯ 2021ರ ಮಾರ್ಗಸೂಚಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಹೇಳುತ್ತವೆ. ಇದು ಭಾರತದ ಮಾತು, ಕಾದಂಬರಿ ನಡೆಯುವ ದೇಶದ ನಿಯಮ ಬೇರೆಯಿದ್ದೀತು. ಕನ್ನಡದಲ್ಲಿ ಮಾತ್ರ ಅಂಥ ಕಡೆ ‘ಪ್ರಚಾರ’ ಎನ್ನದೆ ‘ಪ್ರಾಯೋಜಿತ’ ಅಥವಾ ನೇರವಾಗಿ ‘ಜಾಹೀರಾತು’ ಎನ್ನಿ.